ಅಳಿವೆಯ ಆಚೆ ಒಂದು ನಡುಗಡ್ಡೆ

ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದವನಿಗೆ ಕಡಲನ್ನು ವರ್ಣಿಸುವ ಅಧಿಕಾರವಿಲ್ಲವೆಂದು ಬಯಲುಸೀಮೆಯ ನನ್ನ ಮಿತ್ರರೊಬ್ಬರು ಆಗಾಗ ವಿನೋದ ಮಾಡುತ್ತಿರುತ್ತಾರೆ. ನಿತ್ಯ ಕಂಡದ್ದನ್ನು ಕಣ್ಣು ನೋಡುವುದಿಲ್ಲವೆಂಬುದು ಅವರ ವಾದ. ಇದಕ್ಕೆ ನಾನು ಕೊಡುತ್ತ ಬಂದ ಉತ್ತರವೂ ವಿನೋದದ್ದೇ. ನಮ್ಮ ಹಳೆಯ ಮಹಾಕಾವ್ಯಗಳ ಕವಿಗಳಿಗೆ ಹದಿನೆಂಟು ವರ್ಣನೆಗಳ ಕಟ್ಟಳೆಯಿತ್ತಷ್ಟೆ. ಅವುಗಳಲ್ಲಿ ಸಮುದ್ರವರ್ಣನೆಯೂ ಒಂದು. ಒಳನಾಡಿನಲ್ಲಿ ಬಾಳಿದ ಕವಿ ಕೂಡ ಆ ಸುಂಕವನ್ನು ಸಲ್ಲಿಸಲೇಬೇಕಾಗಿತ್ತು. ಹಾಗಾಗಿ ಕಡಲನ್ನು ಕಾಣದೆಯೇ ವರ್ಣಿಸುವ ಸಂಪ್ರದಾಯ ನಮ್ಮಲ್ಲಿ ಪುರಾತನವಾದದ್ದು. ಕಂಡೂ ವರ್ಣಿಸದೆ ಇರುವ ಸಂಪ್ರದಾಯವನ್ನು ನಾವು ಅಂಕೋಲೆಯವರು ಹೊಸದಾಗಿ ಹಾಕಿಕೊಟ್ಟಿದ್ದೇವೆ, ಎನ್ನುತ್ತಿದ್ದೆ.

ಆದರೆ ತರಗತಿಯಲ್ಲಿ ಅಷ್ಟಾದಶ ವರ್ಣನೆಗಳ ಪಾಠ ಹೇಳುವಾಗಲೆಲ್ಲ ಮಿತ್ರರ ಮಾತು ಒಳಗೆ ಚುಚ್ಚುತ್ತಲೇ ಇತ್ತು. ನನ್ನೆದುರು ಕುಳಿತ ಹುಡುಗ ಹುಡುಗಿಯರಲ್ಲಿ ಅರ್ಧ ಜನ ಅಲೆಯ ಸದ್ದು ಕೇಳುತ್ತ ಮಲಗುವವರು. ಆದರೂ ಪರೀಕ್ಷೆಯಲ್ಲಿ ಅವರು ಬರೆಯುವ ಸಮುದ್ರ ಪುಸ್ತಕದ ಸಮುದ್ರವೇ: ರತ್ನಾಕರ, ಗಂಭೀರ, ಅಪಾರ, ಇಷ್ಟೆ. ಒಂದು ರಾತ್ರಿಯಾದರೂ ಇವರನ್ನು ಕಡಲ ನಡುವೆ ಒಯ್ದು ಕೂಡ್ರಿಸಿ, ಕಂಡದ್ದನ್ನು ಬರೆಯಿರೆಂದು ಹೇಳಿದರೆ ಹೇಗೆಂಬ ಯೋಚನೆ ಹುಟ್ಟಿದ್ದು ಹೀಗೆ. ಕಾರವಾರದ ಎದುರಿಗೆ ದೇವಗಡ, ಕೂರ್ಮಗಡ, ಅಂಜುದ್ವೀಪ ಎಂದು ನಡುಗಡ್ಡೆಗಳ ಒಂದು ಸಣ್ಣ ಸಂಸಾರವೇ ಇದೆ. ಅವುಗಳಲ್ಲಿ ಕೂರ್ಮಗಡವನ್ನು ಆರಿಸಿಕೊಂಡೆ. ಆಮೆಯ ಬೆನ್ನಿನಂತೆ ನೀರಿನಿಂದ ಎದ್ದಿರುವ ಆ ಗುಡ್ಡದ ಮೇಲೆ ನರಸಿಂಹ ದೇವರ ಗುಡಿಯಿದೆ. ಪುಷ್ಯದ ಹುಣ್ಣಿಮೆಗೆ ಜಾತ್ರೆ. ಜಾತ್ರೆ ಕಳೆದು ಎರಡು ವಾರಕ್ಕೆ, ಅಮಾವಾಸ್ಯೆಯ ಆಸುಪಾಸಿನ ಒಂದು ಶನಿವಾರ, ಕೇಳಬೇಕಾದವರಲ್ಲಿ ಅನುಮತಿ ಕೇಳಿಕೊಂಡು, ಇಪ್ಪತ್ತೆರಡು ವಿದ್ಯಾರ್ಥಿಗಳೊಡನೆ ಅಂಕೋಲೆಯಿಂದ ಹೊರಟೆ. ಬಾಡಿಗೆಗೆ ತಂದ ಆರು ಡೇರೆಗಳು, ಎರಡು ದೊಡ್ಡ ಪಾತ್ರೆ, ಕುಚ್ಚಲಕ್ಕಿ, ಮುರುಗಲು, ಕುಡಿಯುವ ನೀರಿನ ಡಬ್ಬಿಗಳು: ಇವು ನಮ್ಮ ಸರಂಜಾಮು. ಸಹೋದ್ಯೋಗಿ ಮಹಿಳೆಯೊಬ್ಬರು ಹೆಣ್ಣುಮಕ್ಕಳ ಹೊಣೆ ಹೊತ್ತು ಜೊತೆಗೆ ಬಂದರು.

ಕಾಣುವ ದ್ವೀಪ, ಹೋಗಲಾಗದ ದ್ವೀಪ

ಅಂಕೋಲೆಯಿಂದ ಕಾರವಾರದ ದಾರಿಯನ್ನು ನೂರಾರು ಸಲ ಹಿಡಿದವನು ನಾನು. ಅವರ್ಸೆ, ಹಾರವಾಡ, ತೋಡೂರು, ಚೆಂಡಿಯೆ, ಅರ್ಗಾ ಎಂದು ಊರುಗಳ ಹೆಸರನ್ನು ಹೇಳುತ್ತ ಹೋದರೆ ಅದೊಂದು ಜಪದಂತಾಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಸಹ್ಯಾದ್ರಿಯ ಕಾಲು, ನಡುವೆ ರಸ್ತೆಗೆ ಎಷ್ಟು ಬೇಕೋ ಅಷ್ಟೇ ಜಾಗ. ಆದರೆ ಈಗ ಎಡಗಡೆಯ ಬಹುಭಾಗದಲ್ಲಿ ಕಾಣುವುದು ನೌಕಾನೆಲೆಯ ಗೋಡೆ. 1986ರಲ್ಲಿ ಅಂದಿನ ಪ್ರಧಾನಿ ರಾಜೀವ ಗಾಂಧಿಯವರು ಶಂಕುಸ್ಥಾಪನೆ ಮಾಡಿದ ‘ಸೀಬರ್ಡ್’ ಯೋಜನೆ 2005ರಲ್ಲಿ ‘ಕದಂಬ’ ಎಂಬ ಹೆಸರಿನ ನೆಲೆಯಾಗಿ ಕಾರ್ಯಾರಂಭ ಮಾಡಿತು. ದೇಶರಕ್ಷಣೆಯ ಕೆಲಸ, ಅದರ ಅಗತ್ಯವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅದಕ್ಕಾಗಿ ಕಡಲಂಚಿನ ಸಾವಿರಾರು ಕುಟುಂಬಗಳು ಮನೆ ಮಾರು ತೆಂಗು ಗದ್ದೆಗಳನ್ನು ಬಿಟ್ಟು ರಸ್ತೆಯ ಈಚೆಗೆ ಬಂದುವೆಂಬುದನ್ನೂ ಯಾರೂ ಮರೆಯುವಂತಿಲ್ಲ.

ಅರ್ಗಾದ ಬಳಿ ಮೋಟಾರು ಬರುತ್ತಿದ್ದಾಗ, ಅದುವರೆಗೆ ಸುಮ್ಮನೆ ಕುಳಿತಿದ್ದ ಹುಡುಗಿಯೊಬ್ಬಳು ಗೋಡೆಯ ಕಡೆ ಕೈತೋರಿಸಿ, “ಸರ್, ನಮ್ಮ ಅಜ್ಜಿಯ ಮನೆ ಅಲ್ಲಿತ್ತಂತೆ” ಎಂದಳು. ಅವಳು ಹುಟ್ಟುವ ಮೊದಲೇ ಇಲ್ಲವಾದ ಮನೆ. ಆದರೂ ಅವಳ ಬೆರಳು ಗೋಡೆಯ ಒಂದು ನಿರ್ದಿಷ್ಟ ಸ್ಥಳವನ್ನು ತೋರಿಸುತ್ತಿತ್ತು; ಅಜ್ಜಿ ಪ್ರತಿಸಲವೂ ಅದೇ ಜಾಗವನ್ನು ತೋರಿಸಿರಬೇಕು. ಅಜ್ಜಿ ಚಿಕ್ಕವಳಿದ್ದಾಗ ಫೆಬ್ರವರಿ ತಿಂಗಳಲ್ಲಿ ಅಂಜುದ್ವೀಪದ ಇಗರ್ಜಿಯ ಹಬ್ಬಕ್ಕೆ ದೋಣಿಯಲ್ಲಿ ಹೋಗುತ್ತಿದ್ದಳಂತೆ. ಹಬ್ಬ ಕ್ರೈಸ್ತರದ್ದಾದರೂ ದೋಣಿಗೆ ಜಾತಿಯಿರಲಿಲ್ಲ. ಈಗ ಆ ದ್ವೀಪ ನೌಕಾನೆಲೆಯೊಳಗೆ ಸೇರಿದೆ. ಅಲೆತಡೆಯ ಕಲ್ಲುಕಟ್ಟೆ ಅದನ್ನು ನೆಲಕ್ಕೆ ಜೋಡಿಸಿದೆ. ದ್ವೀಪ ನೆಲಕ್ಕೆ ಹತ್ತಿರವಾದ ಮೇಲೆ ನೆಲದವರಿಗೆ ದೂರವಾಯಿತು.

ಹುಡುಗರು ಅಂಜುದ್ವೀಪದ ಕಥೆ ಹೇಳಿರೆಂದು ಹಿಡಿದರು. ಕಥೆಗೆ ಕೊರತೆಯಿಲ್ಲ. ಕಲ್ಲಿಕೋಟೆಯಿಂದ ಮರಳುತ್ತಿದ್ದ ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಲಂಗರು ಹಾಕಿ, ಹಡಗಿನ ತಳ ಕೆರೆಸಿ, ಸಿಹಿನೀರು ತುಂಬಿಕೊಂಡು ಹೋದ. 1505ರಲ್ಲಿ ಅಲ್ಮೇಡ ಇಲ್ಲಿ ಕೋಟೆ ಕಟ್ಟಲು ತೊಡಗಿದ. ಗೋವೆಯ ವಿಮೋಚನೆಯ ಕಾಲಕ್ಕೆ, 1961ರ ಡಿಸೆಂಬರ್ 18ರಂದು, ನಮ್ಮ ನೌಕಾದಳದವರು ಈ ದ್ವೀಪಕ್ಕೆ ಇಳಿದಾಗ ಏಳು ಜನ ಯೋಧರು ಪ್ರಾಣ ತೆತ್ತರು. ಇವೆಲ್ಲ ಪಠ್ಯಪುಸ್ತಕಕ್ಕೆ ಯೋಗ್ಯವಾದ ಸಂಗತಿಗಳು. ಆದರೆ ಡೇರೆ ಹೊತ್ತು ಹೊರಟ ನಮಗೆ ಹೆಚ್ಚು ಸಂಬಂಧಪಟ್ಟ ಕಥೆ ಇನ್ನೊಂದಿತ್ತು.

ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಗೆ ಪೋರ್ತುಗಾಲದ ರಾಜಕುಮಾರಿಯ ಬಳುವಳಿಯಾಗಿ ಮುಂಬಯಿ ದೊರೆತ ಸಂಗತಿ ಎಲ್ಲರಿಗೂ ಗೊತ್ತು. ಅದನ್ನು ವಶಕ್ಕೆ ತೆಗೆದುಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಎಂಬುವನ ಕೈಕೆಳಗೆ ಸುಮಾರು 400 ಸೈನಿಕರನ್ನು 1662ರಲ್ಲಿ ಕಳುಹಿಸಿದರು. ಮುಂಬಯಿಯ ಪೋರ್ತುಗೀಜ ಅಧಿಕಾರಿಗಳು ಕಾಗದಪತ್ರ ಸರಿಯಿಲ್ಲವೆಂದು ಊರನ್ನು ಬಿಟ್ಟುಕೊಡಲಿಲ್ಲ. ಸೂರತ್ತಿನಲ್ಲಿ ಇಳಿಯಲು ಮೊಗಲರ ಒಪ್ಪಿಗೆಯಿಲ್ಲ. ಎಲ್ಲಿಯೂ ಸಲ್ಲದ ಆ ಪಡೆ ಕೊನೆಗೆ ಅಂಜುದ್ವೀಪದಲ್ಲಿ ಬಿಡಾರ ಹೂಡಿತು. ನಾಲ್ಕು ದಿನದ ಬಿಡಾರವೆಂದು ಇಳಿದವರು ನಮ್ಮ ಮಳೆಗಾಲವನ್ನು ಅಲ್ಲಿಯೇ ಕಳೆಯಬೇಕಾಯಿತು. ಜ್ವರ, ಭೇದಿ, ಆಹಾರದ ಕೊರತೆ. ಶಿಪ್‌ಮನ್ 1664ರಲ್ಲಿ ಅಲ್ಲಿಯೇ ತೀರಿಕೊಂಡ. 1665ರಲ್ಲಿ ಕೊನೆಗೂ ಮುಂಬಯಿ ಕೈಗೆ ಬಂದಾಗ ಅದನ್ನು ನೋಡಲು ಉಳಿದಿದ್ದವರು ನೂರರ ಆಜುಬಾಜು. ಯುದ್ಧವಿಲ್ಲ, ಶತ್ರುವಿಲ್ಲ, ಒಂದು ಸುಂದರವಾದ ದ್ವೀಪ, ಸುತ್ತ ನೀರು, ಅಷ್ಟೆ.

“ಸರ್, ನಾವು ಒಂದೇ ರಾತ್ರಿ ಇರುವುದು” ಎಂದ ಹಿಂದಿನ ಸೀಟಿನ ಹುಡುಗ. ಎಲ್ಲರೂ ನಕ್ಕರು. ನಾನೂ ನಕ್ಕೆ.

ತಾಂಡೇಲನ ‘ಬೇಡ’

ಕಾರವಾರ ದಾಟಿ ಕೋಡಿಬಾಗಕ್ಕೆ ಬಂದರೆ ಕಾಳಿ ನದಿ. ಇಲ್ಲಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿಯ ಮೇಲೆ ಕುಸಿದುಬಿದ್ದದ್ದು ವಾಚಕರಿಗೆ ನೆನಪಿರಬಹುದು. ಲಾರಿಯೊಂದು ಹೊಳೆಗೆ ಬಿತ್ತು. ಅದರ ಚಾಲಕನನ್ನು ಕತ್ತಲೆಯಲ್ಲಿ ಬದುಕಿಸಿ ದಡಕ್ಕೆ ತಂದವರಲ್ಲಿ ಇಲ್ಲಿಯ ಮೀನುಗಾರರೂ ಇದ್ದರು. ಪಕ್ಕದ ಹೊಸ ಸೇತುವೆಯ ಮೇಲಿಂದ ಹೊಳೆ ದಾಟಿದೆವು. ಬಲಕ್ಕೆ ಸೋಂದೆಯ ಅರಸರು ಕಟ್ಟಿಸಿದ ಸದಾಶಿವಗಡ. ಎಡಕ್ಕೆ ತಿರುಗಿದರೆ ದೇವಬಾಗ. ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು, ನಡುವೆ ನಾಲಗೆಯಂತೆ ಚಾಚಿಕೊಂಡ ಮರಳು. ಮರಳಿನ ಮೇಲೆ ಗಾಳಿಮರದ ತೋಪು. ಎದುರಿಗೆ ಮೂರು ನಾಲ್ಕು ಕಿಲೋಮೀಟರು ದೂರದಲ್ಲಿ ಕೂರ್ಮಗಡ, ಕೈಚಾಚಿದರೆ ಮುಟ್ಟಬಹುದೆನ್ನುವ ಹಾಗೆ.

ನಾವು ದಡಕ್ಕೆ ಬಂದಾಗ ಮಧ್ಯಾಹ್ನದ ಮೂರು ಗಂಟೆ. ಬೆಳಗ್ಗೆ ಹತ್ತಕ್ಕೆ ಬರುತ್ತೇವೆಂದು ಹೇಳಿದ್ದೆವು. ಒಬ್ಬ ಹುಡುಗನ ಚೀಲ, ಇನ್ನೊಬ್ಬಳ ತಂದೆಯ ಅನುಮಾನ, ಡೇರೆಯವನ ವಿಳಂಬ ಎಲ್ಲ ಸೇರಿ ತಡವಾಗಿತ್ತು. ದೋಣಿಯ ತಾಂಡೇಲ ಮರಳಿನ ಮೇಲೆ ಬಲೆ ಹರಡಿಕೊಂಡು ಕುಳಿತಿದ್ದ. ಅರವತ್ತರ ಮೇಲಿನ ವಯಸ್ಸು. ಕೊಂಕಣಿ ಬೆರೆತ ಕನ್ನಡ. ನಮ್ಮನ್ನು ನೋಡಿ ಎದ್ದು ನಿಂತು ನಮಸ್ಕಾರ ಮಾಡಿದ; ಮತ್ತೆ ಕುಳಿತುಕೊಂಡ.

“ಇವತ್ತು ಬೇಡ ಮಾಸ್ತರೇ” ಎಂದ.

ನಾನು ಕಡಲನ್ನು ನೋಡಿದೆ. ಬಿಸಿಲು ಹೊಳೆಯುತ್ತಿತ್ತು. ಒಂದು ಮೋಡವಿಲ್ಲ. ಜನವರಿಯ ಕಡಲು, ಮಳೆಗಾಲದ್ದಲ್ಲ. “ಯಾಕೆ ತಾಂಡೇಲರೇ, ಕಡಲು ಶಾಂತವಾಗಿಯೇ ಇದೆಯಲ್ಲ?” ಎಂದೆ.

“ಕಡಲು ಶಾಂತ ಇದೆ. ಅಳಿವೆ ಶಾಂತ ಇಲ್ಲ” ಎಂದು ಅವನು ಬೆರಳು ಮಾಡಿ ತೋರಿಸಿದ. ನದಿ ಕಡಲನ್ನು ಕೂಡುವ ಬಾಯಿಯಲ್ಲಿ ಬಿಳಿಯ ಗೆರೆಗಳು ಎದ್ದು ಮುರಿಯುತ್ತಿದ್ದುವು. ದಡದಿಂದ ಅವು ಸುಣ್ಣದ ಗೀಟುಗಳಂತೆ ಕಾಣುತ್ತಿದ್ದುವೇ ಹೊರತು ಭಯ ಹುಟ್ಟಿಸುವಂತಿರಲಿಲ್ಲ. ಅವನು ವಿವರಿಸಿದ ಲೆಕ್ಕ ಇಷ್ಟು. ಅಮಾವಾಸ್ಯೆ ಹುಣ್ಣಿಮೆಗಳ ಸಮಯಕ್ಕೆ ಭರತಿ ಇಳಿತಗಳೆರಡೂ ಜೋರು. ಆ ದಿನಗಳಲ್ಲಿ ನಡುಹಗಲು ನಡುರಾತ್ರಿಗಳ ಸುಮಾರಿಗೆ ನೀರು ತುಂಬುತ್ತದೆ. ಸಂಜೆಯ ಹೊತ್ತಿಗೆ ಪೂರ್ತಿ ಇಳಿಯುತ್ತದೆ. ಮಧ್ಯಾಹ್ನ ಮೂರರಲ್ಲಿ ಹೊಳೆಯ ನೀರೆಲ್ಲ ರಭಸದಿಂದ ಹೊರಕ್ಕೆ ಓಡುತ್ತಿರುತ್ತದೆ. ಅದೇ ಹೊತ್ತಿಗೆ ವಾಯವ್ಯದಿಂದ ಕಡಲಗಾಳಿ ಒಳಕ್ಕೆ ಬೀಸುತ್ತಿರುತ್ತದೆ. ಹೊರಗೆ ಓಡುವ ನೀರು, ಒಳಗೆ ನುಗ್ಗುವ ಗಾಳಿ, ಕೆಳಗೆ ಮರಳಿನ ದಿಬ್ಬ. ಈ ಮೂರು ಕೂಡಿದಲ್ಲಿ ಅಲೆ ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೊಂದು ಏಳುತ್ತದೆ. ಒಂದು ಅಲೆಯಿಂದ ದೋಣಿ ಚೇತರಿಸಿಕೊಳ್ಳುವುದರೊಳಗೆ ಇನ್ನೊಂದು ಬಂದಿರುತ್ತದೆ. ಬೆಳಗಿನ ಹೊತ್ತಿನಲ್ಲಾದರೆ ಗಾಳಿ ನೆಲದ ಕಡೆಯಿಂದ ಬೀಸುತ್ತದೆ, ನೀರು ಏರುತ್ತಿರುತ್ತದೆ, ಅಳಿವೆ ಮಲಗಿರುತ್ತದೆ.

ಲೆಕ್ಕ ನನಗೆ ತಿಳಿಯಿತು. ಆದರೆ ತಿಳಿದದ್ದು ಮನಸ್ಸಿಗೆ ಇಳಿಯಲಿಲ್ಲ. ಇಪ್ಪತ್ತೆರಡು ಮುಖಗಳು ನನ್ನನ್ನೇ ನೋಡುತ್ತಿದ್ದುವು. ಅವರಲ್ಲಿ ಹಾವೇರಿಯ ಕಡೆಯ ಹುಡುಗನೊಬ್ಬನಿದ್ದ. ತಂದೆಯ ಕೆಲಸದಿಂದಾಗಿ ಆ ವರ್ಷವೇ ಅಂಕೋಲೆಗೆ ಬಂದವನು. ದ್ವೀಪವೆಂಬುದನ್ನು ಚಿತ್ರದಲ್ಲಷ್ಟೇ ಕಂಡವನು. ವಾರದಿಂದ ಅವನಿಗೆ ನಿದ್ದೆಯಿರಲಿಲ್ಲವೆಂದು ಗೆಳೆಯರು ಹೇಳುತ್ತಿದ್ದರು. ಅವನ ಮುಖ ನೋಡಿ ನನ್ನ ಬಾಯಿಂದ ಒಂದು ಮಾತು ಬಂತು. “ಬೇಕಾದರೆ ಹೇಳಿದ್ದಕ್ಕಿಂತ ಸಾವಿರ ರೂಪಾಯಿ ಹೆಚ್ಚು ಕೊಡೋಣ.”

ತಾಂಡೇಲ ಸಿಟ್ಟಾಗಲಿಲ್ಲ. ಬಲೆಯ ಕಣ್ಣೊಂದನ್ನು ಹೊಲಿದು ಮುಗಿಸಿ, “ಹೆಚ್ಚು ದುಡ್ಡು ಕೊಟ್ಟರೆ ಗಾಳಿ ಕಡಿಮೆಯಾಗುತ್ತದೆಯೇ ಮಾಸ್ತರೇ?” ಎಂದು ಕೇಳಿದ.

ಉತ್ತರವಿಲ್ಲದ ಪ್ರಶ್ನೆ. ಆ ದಿನದ ದುಡಿಮೆಯನ್ನು ಕಳೆದುಕೊಳ್ಳುತ್ತಿದ್ದವನು ಅವನು; ನಾನು ಕಳೆದುಕೊಳ್ಳುತ್ತಿದ್ದದ್ದು ಹುಡುಗರೆದುರಿನ ಪ್ರತಿಷ್ಠೆಯನ್ನು ಮಾತ್ರ. ಆದರೂ ಹೆಚ್ಚು ನೊಂದುಕೊಂಡವನು ನಾನು! ಅಲ್ಲಿಯೇ, ದೇವಬಾಗದ ತೋಪಿನ ಅಂಚಿನಲ್ಲಿ, ಡೇರೆ ಹಾಕಲು ಹೇಳಿದೆ. ಧ್ವನಿಯಲ್ಲಿ ಮುನಿಸಿತ್ತು.

ಡೇರೆಯ ರಾತ್ರಿ

ಮರಳಿನಲ್ಲಿ ಡೇರೆ ಹೂಡುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಗೂಟ ನೆಟ್ಟರೆ ಕಿತ್ತು ಬರುತ್ತದೆ. ನಾವು ಅರ್ಧ ಗಂಟೆ ಹೆಣಗಿದ್ದನ್ನು ನೋಡಿ ತಾಂಡೇಲ ಎದ್ದು ಬಂದ. ಖಾಲಿ ಚೀಲಗಳಲ್ಲಿ ಮರಳು ತುಂಬಿಸಿ, ಹಗ್ಗ ಕಟ್ಟಿ, ಚೀಲಗಳನ್ನೇ ಮರಳಿನಲ್ಲಿ ಹೂಳಿಸಿದ. ಡೇರೆ ಅಲುಗದೆ ನಿಂತಿತು. ಬಾಗಿಲನ್ನು ಗಾಳಿಗೆ ಬೆನ್ನು ಮಾಡಿ ಇರಿಸಬೇಕು. ಒಣಗಿದ ಶೈವಲದ ಗೆರೆ ಎಲ್ಲಿದೆಯೋ ಅದು ಭರತಿಯ ನೀರು ಏರುವ ಮಿತಿ, ಅದಕ್ಕಿಂತ ಬಹಳ ಮೇಲೆ ಮಲಗಬೇಕು. ಕಡಲ ಕಡೆಗೆ ಬೆಂಕಿಯನ್ನಾಗಲಿ ದೀಪವನ್ನಾಗಲಿ ಹೊತ್ತಿಸಕೂಡದು. ಕೊನೆಯದಕ್ಕೆ ಕಾರಣ ಕೇಳಿದೆವು. ಕಡಲಾಮೆ ಮೊಟ್ಟೆಯಿಡುವ ಕಾಲವೆಂದು ಹೇಳಿದ. ಸ್ವಲ್ಪ ದೂರದಲ್ಲಿ ಅರಣ್ಯ ಇಲಾಖೆಯವರು ಬಲೆಯ ಬೇಲಿ ಹಾಕಿ ಕಾಪಾಡಿದ ಒಂದು ಗೂಡನ್ನೂ ತೋರಿಸಿದ. ಆಲಿವ್ ರಿಡ್ಲಿ ಎಂಬ ಜಾತಿಯ ಆಮೆ ರಾತ್ರಿ ಮರಳಿಗೆ ಬಂದು, ಗುಂಡಿ ತೋಡಿ, ಸುಮಾರು ನೂರು ಮೊಟ್ಟೆಯಿಟ್ಟು, ಮುಚ್ಚಿ ಹೋಗುತ್ತದೆ. ಏಳೆಂಟು ವಾರಕ್ಕೆ ಮರಿಗಳು ಹೊರಬಂದು, ಕಡಲ ಮೇಲಿನ ಮಬ್ಬು ಬೆಳಕನ್ನೇ ಗುರುತು ಹಿಡಿದು ನೀರಿಗೆ ಹರಿಯುತ್ತವೆ. ದಡದಲ್ಲಿ ದೀಪವಿದ್ದರೆ ಅದನ್ನೇ ಕಡಲೆಂದು ನಂಬಿ ನೆಲದ ಕಡೆ ನಡೆದು ಸಾಯುತ್ತವೆ.

ಅಂಡಮಾನಿನ ವಂಡೂರಿನಲ್ಲಿ, 1983ರಲ್ಲಿ ರಾಷ್ಟ್ರೀಯ ಉದ್ಯಾನವಾದ ದ್ವೀಪಸಮೂಹದ ಜಾಲಿ ಬಾಯ್ ದ್ವೀಪಕ್ಕೆ ಹೋಗುವವರ ಕೈಯಿಂದ ಪ್ಲಾಸ್ಟಿಕ್ಕನ್ನು ದಡದಲ್ಲಿಯೇ ಬಿಡಿಸುತ್ತಾರೆ; ಹೋದವರು ಅಂದೇ ಮರಳಬೇಕು. ನಮ್ಮ ದಂಡೆಗೆ ಅಂಥ ಬಿರುದಿಲ್ಲ. ಇಲ್ಲಿ ನಿಯಮವನ್ನು ಹೇಳಿದವನು ಬಲೆ ಹೊಲಿಯುವ ಒಬ್ಬ ಮುದುಕ. ಹುಡುಗರು ಅವನ ಮಾತನ್ನು ಸರಕಾರದ ಫಲಕಕ್ಕಿಂತ ಹೆಚ್ಚು ಶ್ರದ್ಧೆಯಿಂದ ಪಾಲಿಸಿದರೆಂಬುದನ್ನು ನಾನು ದಾಖಲಿಸಲೇಬೇಕು. ತೋಪಿನ ಹಿಂದೆ, ನದಿಯ ಕಡೆಗೆ ಒಲೆ ಹೂಡಿ ಗಂಜಿ ಬೇಯಿಸಿದೆವು. ತಾಂಡೇಲನ ಮನೆಯಿಂದ ಹುರಿದ ಬಂಗಡೆ ಬಂತು. ಸಂಜೆಯೊಳಗೆ ಅವನು ಎಲ್ಲರಿಗೂ ‘ಮಾಮ’ ಆಗಿದ್ದ.

ಕತ್ತಲಾಯಿತು. ದೇವಗಡದ ದೀಪಸ್ತಂಭ ಮಿನುಗತೊಡಗಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿ, ಕಾರವಾರ ದೊಡ್ಡ ಬಂದರವಾಗುತ್ತದೆಂಬ ಆಸೆ ಮೊಳೆತ ಕಾಲದಲ್ಲಿ, 1864ರಲ್ಲಿ ಕಟ್ಟಿದ ದೀಪ ಅದು. ಬಂದರದ ಆಸೆ ಏನಾದರೇನು, ದೀಪ ಮಾತ್ರ ತನ್ನ ಕೆಲಸವನ್ನು ಬಿಟ್ಟಿಲ್ಲ. ಹಾಲಕ್ಕಿ ಒಕ್ಕಲಿಗರ ಹುಡುಗಿಯೊಬ್ಬಳು ತನ್ನ ಅಜ್ಜಿಯಿಂದ ಕಲಿತ ಹಾಡನ್ನು ಹಾಡಿದಳು. 2017ರಲ್ಲಿ ಪದ್ಮಶ್ರೀ ಪಡೆದ ನಮ್ಮ ಬಡಿಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡ ಮೇಲೆ ಆ ಧಾಟಿಯ ಹಾಡು ಕಿವಿಗೆ ಬಿದ್ದಾಗಲೆಲ್ಲ ಮನಸ್ಸು ಭಾರವಾಗುತ್ತದೆ. ಹುಡುಗಿಗೆ ಹಾಡು ಪೂರ್ತಿ ಬರುತ್ತಿರಲಿಲ್ಲ. ಮರೆತಲ್ಲಿ ನಿಲ್ಲಿಸಿ ಮತ್ತೆ ಮೊದಲಿನಿಂದ ಹಾಡುತ್ತಿದ್ದಳು.

ಆಮೇಲೆ ರವೀಂದ್ರನಾಥ ಠಾಕೂರರ ಪ್ರಸ್ತಾಪ ಬಂತು. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡರ ಆಸುಪಾಸಿನ ಕವಿ ಇಲ್ಲಿಗೆ ಬಂದು ಉಳಿದು ‘ಪ್ರಕೃತಿರ ಪ್ರತಿಶೋಧ’ ಎಂಬ ನಾಟಕವನ್ನು ಬರೆದರು. ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿಯಲ್ಲಿ ಮೇಲಕ್ಕೆ ಹೋಗಿ, ಇಳಿತದ ನೀರಿನೊಡನೆ ತೇಲುತ್ತ ಮರಳಿದ ಅನುಭವವನ್ನು ತಮ್ಮ ‘ಜೀವನಸ್ಮೃತಿ’ಯಲ್ಲಿ ಅವರು ನೆನೆದಿದ್ದಾರೆ. ಇದನ್ನು ನಾನು ವರ್ಷ ವರ್ಷವೂ ಪಾಠದಲ್ಲಿ ಹೇಳುತ್ತ ಬಂದವನು. ಆದರೆ ಆ ವೃತ್ತಾಂತದ ಒಂದು ವಿವರ ಅಂದಿನವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ. ನದಿಯ ಮುಖಕ್ಕೆ ಬಂದ ಕೂಡಲೆ ಅವರು ದೋಣಿಯಿಂದ ಇಳಿದು, ಮರಳಿನ ಮೇಲೆ ನಡೆದು ಮನೆಗೆ ಹೋದರು. ಅದನ್ನು ನಾನು ಕವಿಯ ಲಹರಿಯೆಂದೇ ತಿಳಿದಿದ್ದೆ. ಯಾರು ಬಲ್ಲರು, ಆ ದೋಣಿಯಲ್ಲಿಯೂ ಒಬ್ಬ ತಾಂಡೇಲ ‘ಅಳಿವೆ ಬೇಡ’ ಎಂದಿರಬಹುದು!

ಹೇಳದೆ ಉಳಿದಿದ್ದ ಮಾತು

ಈ ಮಾತಿಗೆ ಎಲ್ಲರೂ ನಕ್ಕರು. ತಾಂಡೇಲ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಆ ವರ್ಷ ನೀವು ಜಾತ್ರೆಗೆ ಬಂದಿದ್ದಿರಾ ಮಾಸ್ತರೇ?” ಎಂದು ಕೇಳಿದ. ಯಾವ ವರ್ಷವೆಂದು ನಾನು ಕೇಳಬೇಕಾಗಿರಲಿಲ್ಲ. ಈ ದಂಡೆಯಲ್ಲಿ ‘ಆ ವರ್ಷ’ ಎಂದರೆ ಒಂದೇ.

2019ರ ಜನವರಿ 21, ಪುಷ್ಯದ ಹುಣ್ಣಿಮೆ. ಕೂರ್ಮಗಡದ ಜಾತ್ರೆಯಿಂದ ಜನರನ್ನು ತುಂಬಿಕೊಂಡು ಮರಳುತ್ತಿದ್ದ ದೋಣಿಯೊಂದು ಮಗುಚಿ ಹದಿನಾರು ಜನ ಜಲಸಮಾಧಿಯಾದರು. ಅವರಲ್ಲಿ ಕಡಲಿನ ಪರಿಚಯವಿಲ್ಲದ ಒಳನಾಡಿನವರಿದ್ದರು; ಒಂದೇ ಮನೆತನದ ಹಲವರಿದ್ದರು; ಮಕ್ಕಳಿದ್ದರು.

ನಾನು ಆ ದಿನ ಜಾತ್ರೆಗೆ ಹೋಗಿದ್ದೆ. ಹೆಂಡತಿ ಜೊತೆಗಿದ್ದಳು. ದೇವರಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬೇಗ ಮರಳಬೇಕೆಂದು ಕೆಳಗಿಳಿದಾಗ, ಹೊರಡಲಿದ್ದ ದೋಣಿ ತುಂಬಿತ್ತು. ಅದರ ತರುಣ ಅಂಬಿಗ, “ಮುಂದಿನದರಲ್ಲಿ ಬನ್ನಿ” ಎಂದು ಕೈಮುಗಿದ. ನಾನು ಒಪ್ಪಲಿಲ್ಲ. “ಇಬ್ಬರೇ ತಾನೇ, ಹೇಗಾದರೂ ಕೂಡ್ರುತ್ತೇವೆ” ಎಂದೆ. ಕಾಲೇಜಿನ ಮಾಸ್ತರನ ಗತ್ತು ಮಾತಿನಲ್ಲಿ ಇದ್ದಿರಬೇಕು, ಅವನು ಸುಮ್ಮನಾದ. ಜನ ಒತ್ತಿಕೊಂಡು ಜಾಗ ಮಾಡಿದರು. ಯಾರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ. ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ನಾವು ಸುಖವಾಗಿ ದಡ ಸೇರಿದೆವು. ಅಂಕೋಲೆಯ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಸುದ್ದಿ ಬಂತು. ಅದು ಬೇರೆ ದೋಣಿ, ಬೇರೆ ಹೊತ್ತು. ನಮ್ಮ ದೋಣಿಗೂ ಆ ದುರಂತಕ್ಕೂ ಯಾವ ಸಂಬಂಧವೂ ಇಲ್ಲ. ಹೀಗೆಂದು ನಾನು ಎಷ್ಟೋ ಸಲ ನನಗೆ ಹೇಳಿಕೊಂಡಿದ್ದೇನೆ. ಆದರೆ ‘ಇಬ್ಬರೇ ತಾನೇ’ ಎಂಬ ಮಾತನ್ನು ಆ ದಿನ ಆ ದಂಡೆಯಲ್ಲಿ ಆಡಿದವನು ನಾನೊಬ್ಬನೇ ಆಗಿರಲಾರೆ. ಮುಳುಗುವ ದೋಣಿಗೂ ಮುಳುಗದ ದೋಣಿಗೂ ಆ ಮಾತು ಒಂದೇ.

ಇಷ್ಟು ವರ್ಷ ಹೆಂಡತಿಯ ಹೊರತು ಯಾರ ಬಳಿಯೂ ಆಡದೆ ಇದ್ದ ಈ ಸಂಗತಿಯನ್ನು ಅಂದು ರಾತ್ರಿ ವಿದ್ಯಾರ್ಥಿಗಳ ಮುಂದೆ ಹೇಳಿದೆ. ಹೇಳುವ ಉದ್ದೇಶವಿರಲಿಲ್ಲ. ಮಧ್ಯಾಹ್ನ ನಾನು ಸಾವಿರ ರೂಪಾಯಿಯ ಮಾತೆತ್ತಿದ್ದನ್ನು ಅವರೆಲ್ಲ ಕೇಳಿದ್ದರು; ಅದನ್ನು ಕೇಳಿಸಿಕೊಂಡವರಿಗೆ ಇದನ್ನೂ ಕೇಳುವ ಹಕ್ಕಿದೆಯೆಂದು ತೋರಿತು. ಯಾರೂ ಏನೂ ಮಾತಾಡಲಿಲ್ಲ. ಕತ್ತಲೆಯಲ್ಲಿ ಮುಖ ಕಾಣದ್ದು ಒಳಿತಾಯಿತು. ಸ್ವಲ್ಪ ಹೊತ್ತಿನ ಮೇಲೆ ತಾಂಡೇಲ ಎದ್ದು, “ಬೇಡ ಎನ್ನುವವನಿಗೆ ಆ ದಿನದ ಅನ್ನ ಹೋಗುತ್ತದೆ ಮಾಸ್ತರೇ. ಹೂಂ ಎನ್ನುವವನಿಗೆ ಮಾತ್ರ ಬಾಡಿಗೆ. ಅದಕ್ಕೇ ಬೇಡ ಎನ್ನುವವರು ಕಡಿಮೆ” ಎಂದು ಹೇಳಿ, ಬೆಳಗ್ಗೆ ಏಳಕ್ಕೆ ತಯಾರಿರಬೇಕೆಂದು ಎಚ್ಚರಿಸಿ ಹೊರಟುಹೋದ.

ಡೇರೆಯೊಳಗೆ ನನಗೆ ನಿದ್ದೆ ಬರಲಿಲ್ಲ. ನಡುರಾತ್ರಿ ಹೊರಗೆ ಬಂದೆ. ಭರತಿಯ ನೀರು ತುಂಬಿ ಅಲೆಗಳು ಶೈವಲದ ಗೆರೆಗೆ ನಾಲ್ಕು ಮಾರು ಕೆಳಗೆ ಬಂದು ನಿಂತಿದ್ದುವು. ಅವನು ತೋರಿಸಿದ ಜಾಗದಲ್ಲಿ ಮಲಗಿದ್ದರಿಂದ ಮಕ್ಕಳು ಒಣಗಿದ ಮರಳಿನ ಮೇಲಿದ್ದರು.

ಕೂರ್ಮಗಡ

ಬೆಳಗಿನ ಏಳೂವರೆ. ಹಿಂದಿನ ದಿನ ಬಿಳಿಯ ಗೆರೆಗಳೆದ್ದಿದ್ದ ಅಳಿವೆ ಎಣ್ಣೆ ಹೊಯ್ದ ಹಾಗೆ ನುಣ್ಣಗಾಗಿತ್ತು. ಗಾಳಿ ಬೆನ್ನ ಹಿಂದಿನಿಂದ, ಸಹ್ಯಾದ್ರಿಯ ಕಡೆಯಿಂದ, ತಣ್ಣಗೆ ಬೀಸುತ್ತಿತ್ತು. ಹನ್ನೊಂದು ಜನರಂತೆ ಎರಡು ಸರದಿ. ಪ್ರತಿಯೊಬ್ಬರ ಜಾಕೆಟಿನ ಪಟ್ಟಿಯನ್ನೂ ತಾಂಡೇಲ ಎಳೆದು ನೋಡಿ ದೋಣಿ ಹತ್ತಿಸಿದ. ನನ್ನದನ್ನು ಎರಡು ಸಲ ಎಳೆದ.

ದ್ವೀಪದ ಬಗ್ಗೆ ವಾಚಕರು ದೀರ್ಘವಾದ ವರ್ಣನೆಯನ್ನು ನಿರೀಕ್ಷಿಸಿದ್ದರೆ ಕ್ಷಮಿಸಬೇಕು. ಅಲ್ಲಿ ನಾವು ಇದ್ದದ್ದು ಎರಡು ಗಂಟೆಗಿಂತ ಕಡಿಮೆ. ಗುಡ್ಡ ಹತ್ತಿ ಗುಡಿಯ ಮುಂದೆ ನಿಂತೆವು. ಜಾತ್ರೆಯ ದಿನ ಕಾಲಿಡಲು ತಾವಿಲ್ಲದ ಅಂಗಳದಲ್ಲಿ ಒಣಗಿದ ಎಲೆಗಳು ಮಾತ್ರ. ಮೇಲಿನಿಂದ ನೋಡಿದರೆ ಪೂರ್ವಕ್ಕೆ ಕಾಳಿಯ ಅಳಿವೆ, ಸದಾಶಿವಗಡ, ಅದರಾಚೆ ನೀಲಿ ಘಟ್ಟ. ಪಶ್ಚಿಮಕ್ಕೆ ದೇವಗಡದ ದೀಪಸ್ತಂಭ. ದಕ್ಷಿಣಕ್ಕೆ ದೂರದಲ್ಲಿ ಅಂಜುದ್ವೀಪದ ಬೆನ್ನು. ಅರ್ಗಾದ ಹುಡುಗಿ ಅದನ್ನೇ ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಅಜ್ಜಿಗೆ ತೋರಿಸಬೇಕೆಂದು ಒಂದು ಚಿತ್ರ ತೆಗೆದುಕೊಂಡಳು. ಹಾವೇರಿಯ ಹುಡುಗ ದ್ವೀಪದ ಅಂಚಿನಲ್ಲಿ ಸುತ್ತು ಹಾಕಿ ಬಂದು, “ಸರ್, ನಿಜವಾಗಿಯೂ ನಾಲ್ಕೂ ಕಡೆ ನೀರಿದೆ” ಎಂದು ವರದಿ ಒಪ್ಪಿಸಿದ. ಭೂಗೋಳದ ಪುಸ್ತಕದ ಮಾತನ್ನು ಅವನು ಅಂದು ಒಪ್ಪಿಕೊಂಡ.

ಹತ್ತೂವರೆಗೆ ಎಲ್ಲರೂ ದೇವಬಾಗದ ದಡದಲ್ಲಿದ್ದೆವು. ತಾಂಡೇಲನಿಗೆ ಹೇಳಿದ ಬಾಡಿಗೆ ಕೊಟ್ಟೆ. ಹಿಂದಿನ ದಿನದ್ದನ್ನೂ ತೆಗೆದುಕೊಳ್ಳಬೇಕೆಂದು ಒತ್ತಾಯಿಸಿದೆ. “ನಿನ್ನೆ ದೋಣಿ ಬಿಟ್ಟಿಲ್ಲವಲ್ಲ” ಎಂದ. “ಬಿಡದೆ ಇದ್ದುದಕ್ಕೇ ಇದು” ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ ತೆಗೆದುಕೊಂಡ.

ಅಂಕೋಲೆಗೆ ಮರಳಿದ ಮೇಲೆ ವಾರದೊಳಗೆ ಸಮುದ್ರವರ್ಣನೆಯ ಇಪ್ಪತ್ತೆರಡು ಪ್ರಬಂಧಗಳು ನನ್ನ ಮೇಜಿಗೆ ಬಂದುವು. ರತ್ನಾಕರ, ಗಂಭೀರ, ಅಪಾರ ಈ ಸಲವೂ ಇದ್ದುವು. ಒಂದು ರಾತ್ರಿಯಲ್ಲಿ ಸಂಪ್ರದಾಯ ಸಾಯುವುದಿಲ್ಲ. ಹಾವೇರಿಯ ಹುಡುಗನ ಮೂರು ಪುಟದಲ್ಲಿ ಮಾತ್ರ ಸಮುದ್ರ ಒಂದೇ ಸಾಲಿನಲ್ಲಿತ್ತು. ಉಳಿದದ್ದೆಲ್ಲ ಬಲೆ ಹೊಲಿಯುತ್ತ ಕುಳಿತು ಬೇಡವೆಂದ ಒಬ್ಬ ಮನುಷ್ಯನ ವರ್ಣನೆ. ಲಕ್ಷಣಗ್ರಂಥದ ಪ್ರಕಾರ ಅದಕ್ಕೆ ಅಂಕ ಕೊಡುವಂತಿರಲಿಲ್ಲ. ಕೊಟ್ಟೆ.

ಹಾಜರಿ ಕರೆಯುವುದು ನನಗೆ ಮೊದಲಿನಿಂದಲೂ ಬೇಸರದ ಕೆಲಸ. ಹೆಸರುಗಳನ್ನು ಒಂದೇ ಉಸಿರಿಗೆ ಓದಿ ಮುಗಿಸುವುದು ನನ್ನ ರೂಢಿ. ಅಂದು ದೇವಬಾಗದಲ್ಲಿ ಎರಡನೆಯ ಸರದಿಯ ದೋಣಿ ಮರಳಿಗೆ ತಾಗಿದಾಗ, ನನಗೆ ತಿಳಿಯದಂತೆಯೇ ಒಬ್ಬೊಬ್ಬರ ಹೆಸರು ಹಿಡಿದು ಕರೆದೆ. ಒಬ್ಬೊಬ್ಬರೂ ಉತ್ತರ ಕೊಡುವ ತನಕ ಮುಂದಿನ ಹೆಸರಿಗೆ ಹೋಗಲಿಲ್ಲ. ಇಪ್ಪತ್ತೆರಡೂ ಉತ್ತರಗಳು ಬಂದುವು. ಅಂದಿನಿಂದ ತರಗತಿಯಲ್ಲಿಯೂ ಹಾಗೆಯೇ ಕರೆಯುತ್ತಿದ್ದೇನೆ.